ಎಂಟುನೂರು ಡಾಲರ್, ಒಂದು ವಾರ: ಕೆನ್ ಮೈಲ್ಸ್ ಕಥೆ

ವರ್ಕ್‌ಶಾಪ್ ಹಿಂದೆ ನಿಂತಿರೋ ನಮ್ಮ ಗೋ-ಕಾರ್ಟ್ ನೋಡಿದ ಪ್ರತಿ ಹೊಸ ಬ್ಯಾಚಿನವರೂ ಕೇಳುವ ಮೊದಲ ಪ್ರಶ್ನೆ ಒಂದೇ. ಇದಕ್ಕೆ ಇನ್ನೂ ದೊಡ್ಡ ಎಂಜಿನ್ ಕೂರಿಸಿದ್ರೆ ಹೇಗಿರುತ್ತೆ? ಕೂರಿಸಬಹುದು. ಮೌಂಟ್ ವೆಲ್ಡ್ ಮಾಡಿ ಸ್ಪ್ರಾಕೆಟ್ ಬದಲಿಸಿದರೆ ಎರಡು ಸಂಜೆಯ ಕೆಲಸ. ಮೂರನೇ ಸಂಜೆ ಏನಾಗುತ್ತೆ ಅನ್ನೋದೇ ವಿಷಯ. ನಾವು ಒಂದು ಸಲ ಮಾಡಿ ನೋಡಿದ್ದೇವೆ. ಹಿಂದಿನ ಆಕ್ಸಲ್ ಬಾಗಿ, ಚೈನ್ ಕಳಚಿ, ಕೊನೆಗೆ ಕಾರ್ಟನ್ನು ತಳ್ಳಿಕೊಂಡು ಬಂದೆವು. ನೋಡಿದವರು ನಕ್ಕರು. ನಾವೂ ನಕ್ಕೆವು, ಸ್ವಲ್ಪ ತಡವಾಗಿ.

ಆ ಮೂರನೇ ಸಂಜೆಯ ಕೆಲಸವನ್ನೇ ಜೀವಮಾನವಿಡೀ ಮಾಡಿದ ಒಬ್ಬನ ಕಥೆ ಇದು. ಹೆಸರು ಕೆನ್ ಮೈಲ್ಸ್. 2019ರಲ್ಲಿ ಬಂದ 'ಫೋರ್ಡ್ ವರ್ಸಸ್ ಫೆರಾರಿ' ಸಿನಿಮಾ ನೋಡಿದವರಿಗೆ ಆತ ಗೊತ್ತು. ಹಾಸ್ಟೆಲ್‌ನಲ್ಲಿ ಅದನ್ನು ನೋಡದವರು ಯಾರಿದ್ದಾರೆ ಬಿಡಿ. ಆದರೆ ಸಿನಿಮಾ ಹೇಳಿದ್ದು ಮುಖ್ಯವಾಗಿ ರೇಸ್ ಕಥೆ. ನಮಗೆ ಹೆಚ್ಚು ಹಿಡಿಸಿದ್ದು ಮೈಲ್ಸ್ ಸ್ಪ್ಯಾನರ್ ಹಿಡಿದಿದ್ದ ಕಥೆ.

ಕೆನ್ನೆತ್ ಹೆನ್ರಿ ಜಾರ್ವಿಸ್ ಮೈಲ್ಸ್ ಹುಟ್ಟಿದ್ದು 1918ರ ನವೆಂಬರ್ 1ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಕಾರು ಕಾರ್ಖಾನೆಗಳ ಸೀಮೆ ಅದು. ಹುಡುಗನಿಗೆ ಓದು ಹತ್ತಲಿಲ್ಲ. ಅಮೆರಿಕಕ್ಕೆ ಓಡಿಹೋಗಲು ನೋಡಿದ, ಆಗಲಿಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು ವೂಲ್ಸ್‌ಲಿ ಮೋಟಾರ್ಸ್‌ನಲ್ಲಿ ಅಪ್ರೆಂಟಿಸ್ ಆಗಿ ಸೇರಿದ. ಅದೇ ವಯಸ್ಸಿನಲ್ಲಿ ಒಂದು ಆಸ್ಟಿನ್ 7 ಕಾರನ್ನು ಬಿಚ್ಚಿ ತನಗೆ ಬೇಕಾದ ಹಾಗೆ ಕಟ್ಟಿಕೊಂಡಿದ್ದ. ಡಿಗ್ರಿ ಗಿಗ್ರಿ ಏನೂ ಇಲ್ಲ. ನಾವು ನಾಲ್ಕು ವರ್ಷ ಓದೋದನ್ನು ಆತ ಕೈಯಲ್ಲಿ ಕಲಿತ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಟ್ಯಾಂಕ್ ದಳದಲ್ಲಿ ಸಾರ್ಜೆಂಟ್ ಆಗಿದ್ದ ಮೈಲ್ಸ್ 1944ರಲ್ಲಿ ನಾರ್ಮಂಡಿಯಲ್ಲಿ ಇಳಿದವರ ಜೊತೆಗಿದ್ದ. ಯುದ್ಧ ಮುಗಿದ ಮೇಲೆ ಹಳೇ ಸ್ಪೋರ್ಟ್ಸ್ ಕಾರುಗಳ ಕ್ಲಬ್ ಸೇರಿ ಬುಗಾಟಿ, ಆಲ್ಫಾ ರೋಮಿಯೊ, ಆಲ್ವಿಸ್ ಓಡಿಸಿದ. ಆಮೇಲೆ ಬಂತು ನಮ್ಮ ವಿಷಯ. ಫೋರ್ಡಿನ ವಿ8 ಎಂಜಿನ್ ಕೂರಿಸಿದ ಒಂದು ಫ್ರೇಜರ್ ನ್ಯಾಷ್! ಯುದ್ಧಕ್ಕೆ ಮೊದಲಿನ ಫ್ರೇಜರ್ ನ್ಯಾಷ್ ಅಂದರೆ ಬೈಕಿನ ಹಾಗೆ ಚೈನ್ ಮೇಲೆ ಓಡುತ್ತಿದ್ದ ಹಗುರ ಕಾರು ಅಂತ ಹೆಸರು. ಅಂಥ ಬ್ರಿಟಿಷ್ ಕಾರಿಗೆ ಅಮೆರಿಕದ ದಪ್ಪ ಎಂಜಿನ್. ಆತನ ಮುಂದಿನ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಇದೇ ಜೋಡಿಯ ಸುತ್ತ ತಿರುಗಿತು.

ಯುರೋಪಿನವರಿಗೆ ಹಗುರವಾದ ಚಂದದ ಕಾರು ಮಾಡೋದು ಗೊತ್ತಿತ್ತು. ಆದರೆ ಎಂಜಿನ್ ಚಿಕ್ಕದು, ಒಂದೂವರೆ ಲೀಟರ್, ಎರಡು ಲೀಟರ್. ಅಮೆರಿಕನ್ನರ ಬಳಿ ದೊಡ್ಡ ವಿ8 ರಾಶಿ ರಾಶಿ ಇತ್ತು, ಅಗ್ಗಕ್ಕೂ ಸಿಗುತ್ತಿತ್ತು. ಆದರೆ ಅದು ಕೂತಿದ್ದು ದೋಣಿಯಂಥ ಕಾರುಗಳಲ್ಲಿ. ಎರಡನ್ನೂ ಸೇರಿಸಿದರೆ? ಎಲ್ಲರಿಗೂ ಹೊಳೆಯುವ ಯೋಚನೆಯೇ. ಹೊಳೆದವರೆಲ್ಲ ಮಾಡಿದರು, ಬಹಳ ಜನ ಕೆಡಿಸಿದರು.

1952ರಲ್ಲಿ ಮೈಲ್ಸ್ ಹೆಂಡತಿ ಮಗನ ಜೊತೆ ಲಾಸ್ ಏಂಜಲೀಸ್‌ಗೆ ಬಂದ. ಅಲ್ಲಿ ಎಂಜಿ ಕಾರುಗಳ ವಿತರಕರಲ್ಲಿ ಸರ್ವಿಸ್ ಮ್ಯಾನೇಜರ್ ಕೆಲಸ. ಹಗಲು ಗಿರಾಕಿಗಳ ಕಾರು, ಉಳಿದ ಹೊತ್ತು ಸ್ವಂತ ಕಾರು. ಎಂಜಿ ಬಿಡಿಭಾಗಗಳಿಂದಲೇ ಆರ್1 ಅನ್ನೋ ಸ್ಪೆಷಲ್ ಕಟ್ಟಿ 1953ರಲ್ಲಿ ಸಾಲಾಗಿ 14 ರೇಸ್ ಗೆದ್ದ. ಮುಂದಿನದು ಆರ್2. ಅದರ ಅಡ್ಡಹೆಸರು 'ಫ್ಲೈಯಿಂಗ್ ಶಿಂಗಲ್', ನಮ್ಮ ಭಾಷೆಯಲ್ಲಿ ಹಾರುವ ಹೆಂಚು ಅನ್ನಿ. ಅಷ್ಟು ಚಪ್ಪಟೆ. 1955ರಲ್ಲಿ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಅದು ತನ್ನ ಕ್ಲಾಸಿನಲ್ಲಿ ಮೊದಲು ಬಂತು, ಆದರೆ ಮಡ್‌ಗಾರ್ಡ್ ಅಗಲ ನಿಯಮ ಮೀರಿದೆ ಅಂತ ಹೊರಗಿಟ್ಟರು. ಅದರಿಂದ ಮೂರನೇ ಸ್ಥಾನದಿಂದ ಎರಡಕ್ಕೆ ಏರಿದವನು ಯಾರು ಗೊತ್ತಾ? ಸಿನಿಮಾ ನಟ ಜೇಮ್ಸ್ ಡೀನ್.

ಆರ್1, ಆರ್2 ಎರಡರಲ್ಲೂ ಇದ್ದದ್ದು ಚಿಕ್ಕ ಎಂಜಿನ್. ಮೈಲ್ಸ್ ಗೆಲ್ಲುತ್ತಿದ್ದದ್ದು ತೂಕ ಇಳಿಸಿ, ಗಾಳಿಗೆ ಎದೆ ಕೊಡುವ ಜಾಗ ಕಡಿಮೆ ಮಾಡಿ, ಬ್ರೇಕ್ ತಡವಾಗಿ ಹಾಕಿ. ಪವರ್ ಬಗ್ಗೆ ಈತನ ಹಸಿವು ಎಲ್ಲರ ಹಾಗೇ. ಆದರೆ ಪವರ್ ಇಲ್ಲದೆ ಗೆಲ್ಲೋದು ಹೇಗೆ ಅಂತ ಮೊದಲು ಕಲಿತಿದ್ದ.

ಆಮೇಲೆ ಒಂದು ತಮಾಷೆಯ ಕಾರು. ಬ್ರಿಟನ್ನಿನ ಕೂಪರ್ ಚಾಸಿ ಮತ್ತು ಬಾಡಿಗೆ ಪೋರ್ಶ 550ರ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಕೂರಿಸಿದ. ಪೋರ್ಶ ಮತ್ತು ಕೂಪರ್ ಸೇರಿದರೆ ಜನರ ಬಾಯಲ್ಲಿ 'ಪೂಪರ್' ಆಯಿತು. ಇಂಗ್ಲಿಷ್ ಬಲ್ಲವರು ನಗಬಹುದು. ಅದು ಮೊದಲ ಪೂಪರ್ ಅಲ್ಲ. ಪೀಟ್ ಲವ್ಲಿ ಅನ್ನೋ ಚಾಲಕ ಅದಕ್ಕೂ ಮೊದಲು ಒಂದು ಮಾಡಿದ್ದ. ಮೈಲ್ಸ್ ಮಾಡಿದ್ದು ಪಶ್ಚಿಮ ಕರಾವಳಿಯ ರೇಸ್‌ಗಳಲ್ಲಿ ಆ ಕ್ಲಾಸನ್ನೇ ಆಳಿತು. ಪೋರ್ಶ ಕಂಪನಿಯ ಸ್ವಂತ ಕಾರನ್ನೇ ಅದು ಹಿಂದೆ ಹಾಕಿದ ಮೇಲೆ, ಇದನ್ನು ಓಡಿಸೋದು ನಿಲ್ಲಿಸಿ ಅಂತ ಜರ್ಮನಿಯಿಂದ ಮಾತು ಬಂತು ಅಂತ ಹೇಳುತ್ತಾರೆ.

ಇನ್ನು ಎಂಟುನೂರು ಡಾಲರ್ ವಿಷಯ. ಬ್ರಿಟನ್ನಿನ ರೂಟ್ಸ್ ಕಂಪನಿ ಸನ್‌ಬೀಮ್ ಆಲ್ಪೈನ್ ಅಂತ ಒಂದು ಕಾರು ಮಾಡುತ್ತಿತ್ತು. ನೋಡೋಕೆ ಸೊಗಸು. ಓಡೋಕೆ 1.6 ಲೀಟರಿನ ನಾಲ್ಕು ಸಿಲಿಂಡರ್, ಸುಮಾರು 80 ಅಶ್ವಶಕ್ತಿ. ಅಮೆರಿಕದಲ್ಲಿ ಅಷ್ಟು ಯಾರಿಗೂ ಸಾಲದು. ಕಂಪನಿಯ ಪಶ್ಚಿಮ ಕರಾವಳಿ ಮಾರಾಟದ ಹೊಣೆ ಹೊತ್ತಿದ್ದ ಇಯನ್ ಗ್ಯಾರಡ್‌ಗೆ, ಇದಕ್ಕೊಂದು ವಿ8 ಕೂರುತ್ತಾ ಅನ್ನೋ ಹುಳ ತಲೆಗೆ ಹೊಕ್ಕಿತು. ತನ್ನ ಸರ್ವಿಸ್ ಮ್ಯಾನೇಜರನ್ನು ಅಳತೆಗೋಲು ಕೊಟ್ಟು ಕಳಿಸಿದ. ಅವನು ಯಾವ್ಯಾವ ವಿ8 ಎಷ್ಟೆಷ್ಟು ಅಗಲ ಅಂತ ಅಳೆದು ಬಂದು, ಫೋರ್ಡಿನ 260 ಘನ ಅಂಗುಲದ್ದು, ಅಂದರೆ 4.2 ಲೀಟರಿನದು ಹಿಡಿಸಬಹುದು ಅಂದ. ಲೇಸರ್ ಸ್ಕ್ಯಾನ್ ಇಲ್ಲ, ಕ್ಯಾಡ್ ಮಾಡೆಲ್ ಇಲ್ಲ, ಬರೀ ಅಳತೆಗೋಲು.

ಗ್ಯಾರಡ್ ಮೊದಲು ಕೇಳಿದ್ದು ಕ್ಯಾರಲ್ ಶೆಲ್ಬಿಯನ್ನು. ಶೆಲ್ಬಿ ಹೇಳಿದ ಲೆಕ್ಕ 10,000 ಡಾಲರ್, ಎಂಟು ವಾರ. ಸರಿ ಅಂದರೂ ಗ್ಯಾರಡ್‌ಗೆ ತಡೆಯಲಾಗಲಿಲ್ಲ. ಮೈಲ್ಸ್ ಹತ್ತಿರ ಹೋಗಿ ಒಂದು ಆಲ್ಪೈನ್ ಕಾರು, ಒಂದು 260 ಎಂಜಿನ್, ಎರಡೇ ವೇಗಗಳ ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್, 800 ಡಾಲರ್ ಕೊಟ್ಟ. ಸುಮಾರು ಒಂದು ವಾರಕ್ಕೆ ಕಾರು ಓಡಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಎಂಟು ವಾರ ಎಲ್ಲಿ, ಒಂದು ವಾರ ಎಲ್ಲಿ! ಶೆಲ್ಬಿ ಸುಮ್ಮನೆ ದುಡ್ಡು ಕೇಳಿದನೇ? ಹಾಗಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಎಂಜಿನ್ ಒಳಗೆ ಹೋಗುತ್ತಾ, ಕಾರು ಮುಂದಕ್ಕೆ ಚಲಿಸುತ್ತಾ ಅನ್ನೋ ಪ್ರಶ್ನೆಗೆ ಮೈಲ್ಸ್ ಒಂದು ವಾರದಲ್ಲಿ ಹೌದು ಅಂದ. ಮಾರುವಂಥ ಕಾರು ಆಗುತ್ತಾ ಅನ್ನೋದು ಇನ್ನೊಂದು. ಶೆಲ್ಬಿಯ ಅಂಗಡಿಯಲ್ಲಿ ಎಂಟು ವಾರದ ಕೆಲಸ ಶುರುವಾದಾಗ ಮೊದಲು ಎದ್ದ ತಕರಾರು ಸ್ಟಿಯರಿಂಗ್. ಆಲ್ಪೈನಿನ ಹಳೇ ಸ್ಟಿಯರಿಂಗ್ ಬಾಕ್ಸ್ ಅಷ್ಟು ನಿಖರ ಅಲ್ಲ. ಅದನ್ನು ತೆಗೆದು ರ್‍ಯಾಕ್ ಅಂಡ್ ಪಿನಿಯನ್ ಹಾಕಬೇಕಾಯಿತು. ಬ್ಯಾಟರಿ ಡಿಕ್ಕಿಗೆ ಹೋಯಿತು. ಟಾರ್ಕಿಗೆ ಹಿಂದಿನ ಆಕ್ಸಲ್ ಅತ್ತಿತ್ತ ಸರಿಯದಂತೆ ಪ್ಯಾನ್‌ಹಾರ್ಡ್ ರಾಡ್ ಬಂತು. ಚಿಕ್ಕ ಎಂಜಿನ್ ಬಿಸಿಗೆಂದು ಮಾಡಿದ್ದ ಮೂತಿಯಿಂದ ವಿ8 ಎಂಜಿನ್ನಿನ ಬಿಸಿ ಹೊರಹಾಕೋದು ಕೊನೆವರೆಗೂ ತಲೆನೋವೇ.

ಆ ಕಾರು ಸನ್‌ಬೀಮ್ ಟೈಗರ್ ಆಗಿ 1964ರಲ್ಲಿ ಮಾರುಕಟ್ಟೆಗೆ ಬಂತು, 164 ಅಶ್ವಶಕ್ತಿ. ಇಂಗ್ಲೆಂಡಿನ ಜೆನ್ಸನ್ ಕಾರ್ಖಾನೆಯಲ್ಲಿ ಜೋಡಣೆ. ಪ್ರೈಮರ್ ಹೊಡೆದು ಬಂದ ಹೊಸ ಬಾಡಿಯ ಫೈರ್‌ವಾಲಿಗೆ ಕೆಲಸಗಾರರು ಸುತ್ತಿಗೆಯಿಂದ ಬಾರಿಸಿ ಎಂಜಿನ್ನಿಗೆ ಜಾಗ ಮಾಡುತ್ತಿದ್ದರು! ಒಂದು ಸ್ಪಾರ್ಕ್ ಪ್ಲಗ್ ಬಾನೆಟ್ ಕಡೆಯಿಂದ ಕೈಗೇ ಸಿಗದು. ಅದನ್ನು ತೆಗೆಯಲು ಫೈರ್‌ವಾಲಿನಲ್ಲಿ ತೂತು, ತೂತಿಗೆ ರಬ್ಬರ್ ಬಿರಡೆ. ಹೀಗೂ ಏಳು ಸಾವಿರ ಕಾರು ತಯಾರಾದವು. ಅಷ್ಟರಲ್ಲಿ ಕ್ರೈಸ್ಲರ್ ಕಂಪನಿ ರೂಟ್ಸನ್ನು ಕೊಂಡಿತು. ತನ್ನ ಕಾರಿನೊಳಗೆ ಫೋರ್ಡ್ ಎಂಜಿನ್ ಯಾಕೆ ಅಂತ ಕ್ರೈಸ್ಲರ್ ತನ್ನದೇ ವಿ8 ಹಾಕಹೊರಟಿತು. ಕೂರಲಿಲ್ಲ. ಫೋರ್ಡಿನ ಡಿಸ್ಟ್ರಿಬ್ಯೂಟರ್ ಇದ್ದದ್ದು ಎಂಜಿನ್ ಮುಂದೆ, ಕ್ರೈಸ್ಲರಿನದು ಹಿಂದೆ, ಅಂದರೆ ಸುತ್ತಿಗೆ ಹೊಡೆದ ಅದೇ ಫೈರ್‌ವಾಲ್ ಕಡೆಗೆ. 1967ಕ್ಕೆ ಟೈಗರ್ ನಿಂತಿತು.

1963ರ ಆರಂಭದಲ್ಲಿ ಮೈಲ್ಸ್ ಶೆಲ್ಬಿಯ ಕಂಪನಿ ಸೇರಿದ. ಸ್ವಂತ ಟ್ಯೂನಿಂಗ್ ಅಂಗಡಿ ನಡೆಸಿ ಸೋತು ಕೈ ಖಾಲಿಯಾಗಿದ್ದ ಕಾಲ. ಶೆಲ್ಬಿ ಅಷ್ಟರಲ್ಲಿ ಬ್ರಿಟನ್ನಿನ ಎಸಿ ಏಸ್ ಕಾರಿಗೆ ಫೋರ್ಡ್ ವಿ8 ಕೂರಿಸಿ ಕೋಬ್ರಾ ಮಾಡಿದ್ದ. 1962ರಲ್ಲಿ ಮೊದಲ ಕಾರಿಗೆ ಎಂಜಿನ್ ಹಾಕಲು ಹಿಡಿದದ್ದು ಕೆಲವೇ ಗಂಟೆ. ಯಾಕಂದ್ರೆ ಫೋರ್ಡಿನ ಹೊಸ ವಿ8 ತೆಳು ಗೋಡೆಯ ಎರಕ. ಏಸ್‌ನಲ್ಲಿ ಮೊದಲು ಇದ್ದ ಎರಡು ಲೀಟರಿನ ಬ್ರಿಸ್ಟಲ್ ಎಂಜಿನ್ನಿಗಿಂತ ಅಷ್ಟೇನೂ ಭಾರ ಇರಲಿಲ್ಲ. ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡುವವರು ಗಮನಿಸಿ, ಕೋಬ್ರಾ ಹುಟ್ಟಿದ್ದೇ ಒಳ್ಳೇ ಎರಕದಿಂದ.

ಆದರೆ ಚಾಸಿ ಹಳೇದು. ಎರಡು ಉದ್ದ ಕೊಳವೆ, ಮುಂದೊಂದು ಹಿಂದೊಂದು ಅಡ್ಡ ಎಲೆಸ್ಪ್ರಿಂಗ್. ಎರಡು ಲೀಟರಿಗೆ ಮಾಡಿದ್ದು. ಮೈಲ್ಸ್ ಕೆಲಸ ಕಾರನ್ನು ಟ್ರ್ಯಾಕಿಗೆ ಒಯ್ದು, ಓಡಿಸಿ, ಮುರಿದದ್ದನ್ನು ನೋಡಿ, ಬದಲಿಸಿ, ಮತ್ತೆ ಓಡಿಸೋದು. ತಂತಿ ಕಡ್ಡಿಗಳ ಚಕ್ರ ತಡೆಯಲಿಲ್ಲ, ಎರಕದ ಚಕ್ರ ಬಂತು. ಸ್ಟಿಯರಿಂಗ್ ಇಲ್ಲೂ ರ್‍ಯಾಕಿಗೆ ಬದಲಾಯಿತು. ಆತನಿಗೆ ಚಾಲಕ ಮತ್ತು ಮೆಕ್ಯಾನಿಕ್ ನಡುವೆ ದುಭಾಷಿ ಬೇಕಿರಲಿಲ್ಲ, ಎರಡೂ ಆತನೇ. ಕಾರು ತಿರುವಿನಲ್ಲಿ ಹೀಗೆ ಮಾಡುತ್ತೆ ಅಂತ ಬೇರೆಯವರು ದೂರುತ್ತಿದ್ದರೆ, ಈತ ಇಳಿದು ಬಂದು ಯಾವ ಭಾಗ ಯಾಕೆ ಹಾಗೆ ಮಾಡುತ್ತೆ ಅಂತ ಹೇಳುತ್ತಿದ್ದ.

ಬಾಯಿ ಮಾತ್ರ ಒರಟು. ಬಾಯಿಯ ಒಂದೇ ಪಕ್ಕದಿಂದ ಮಾತಾಡುತ್ತಾನೆ ಅಂತ 'ಸೈಡ್‌ಬೈಟ್' ಅಂತಿದ್ದರು, ಚಹಾದ ಹುಚ್ಚಿಗೆ 'ಟೆಡ್ಡಿ ಟೀಬ್ಯಾಗ್' ಅಂತಿದ್ದರು. ಕೆಟ್ಟ ಐಡಿಯಾವನ್ನು ಕೆಟ್ಟದ್ದು ಅಂತ ಮುಖಕ್ಕೇ ಹೇಳೋದು ಅಭ್ಯಾಸ, ಎದುರಿಗಿರೋದು ದೊಡ್ಡ ಅಧಿಕಾರಿಯಾದರೂ ಅಷ್ಟೇ. ಫೋರ್ಡ್ ಕಂಪನಿಯ ಕೋಟು ತೊಟ್ಟವರಿಗೆ ಈತ ಹಿಡಿಸಲಿಲ್ಲ ಅನ್ನೋದರಲ್ಲಿ ಆಶ್ಚರ್ಯ ಏನಿದೆ. ನಮ್ಮ ಪ್ರಾಜೆಕ್ಟ್ ಗುಂಪಿನಲ್ಲಿ ಇಂಥವನೊಬ್ಬ ಇದ್ದಿದ್ರೆ ನಮಗೂ ಬಹುಶಃ ಹಿಡಿಸುತ್ತಿರಲಿಲ್ಲ.

ಮೈಲ್ಸ್ ಕೂಡ ಪವರ್ ಅನ್ನೋ ಮಾಯೆಗೆ ಬಿದ್ದವನೇ. 1964ರಲ್ಲಿ ಅದೇ ಎಲೆಸ್ಪ್ರಿಂಗ್ ಕೋಬ್ರಾದೊಳಗೆ ಫೋರ್ಡಿನ 427 ಘನ ಅಂಗುಲದ, ಏಳು ಲೀಟರಿನ ಎಂಜಿನ್ ತುರುಕಿದರು. ಚಿಕ್ಕ ವಿ8ಗಿಂತ ನೂರು ಪೌಂಡಿಗೂ ಹೆಚ್ಚು ಭಾರ, ಎಲ್ಲವೂ ಮುಂದಿನ ಚಕ್ರಗಳ ಮೇಲೆ. ಫ್ಲೋರಿಡಾದ ಸೆಬ್ರಿಂಗ್ ಅಂದರೆ ಹಳೇ ವಿಮಾನ ನಿಲ್ದಾಣ, ಬಟ್ಟ ಬಯಲು. ಅಲ್ಲಿ ಅಭ್ಯಾಸದ ದಿನ ಕಾರು ಹಿಡಿತ ತಪ್ಪಿ ಹೋಗಿ ಮರಕ್ಕೆ ಹೊಡೆಯಿತು. ಆ ಬಯಲಲ್ಲಿ ಇದ್ದದ್ದೇ ಒಂದು ಮರ ಅಂತ ಆಮೇಲೆ ಎಲ್ಲರೂ ಆಡಿಕೊಂಡರು. ರಾತ್ರಿ ಕೂತು ರಿಪೇರಿ ಮಾಡಿ ರೇಸಿಗೆ ಇಳಿಸಿದರೂ ಕಾರು ಮುಗಿಸಲಿಲ್ಲ.

ಆಮೇಲೆ ಬಂದ 427 ಕೋಬ್ರಾ ಬೇರೆಯೇ ಕಾರು. ಚಾಸಿ ಕೊಳವೆಗಳ ವ್ಯಾಸ ಮೂರು ಅಂಗುಲದಿಂದ ನಾಲ್ಕಕ್ಕೆ ಏರಿತು. ಎಲೆಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ಸಸ್ಪೆನ್ಷನ್ ಜ್ಯಾಮಿತಿಯನ್ನು ಫೋರ್ಡಿನವರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರು. ಕೊಳವೆಯ ವ್ಯಾಸ ಒಂದಂಗುಲ ಹೆಚ್ಚಾದರೆ ತಿರುಚುವ ಬಲಕ್ಕೆ ಎಷ್ಟು ಗಟ್ಟಿಯಾಗುತ್ತೆ ಅಂತ ಎರಡನೇ ವರ್ಷದವರು ಲೆಕ್ಕ ಹಾಕಿ ನೋಡಿ, ಗೋಡೆ ದಪ್ಪ ಅಷ್ಟೇ ಇಟ್ಟುಕೊಂಡು. ದುಪ್ಪಟ್ಟಿಗೂ ಜಾಸ್ತಿ.

ಫೋರ್ಡ್ ಕಂಪನಿಯ ಜಿಟಿ40 ಶೆಲ್ಬಿಯ ಕೈಗೆ ಬಂದದ್ದು 1964ರ ಕೊನೆಗೆ. ಅದುವರೆಗೆ ಆ ಕಾರು ಒಂದು ರೇಸೂ ಗೆದ್ದಿರಲಿಲ್ಲ. ಮೈಲ್ಸ್ ಮತ್ತು ತಂಡ ಕೂತು ಅದನ್ನು ತಿದ್ದಿತು. 1965ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಮೈಲ್ಸ್ ಮತ್ತು ಲಾಯ್ಡ್ ರೂಬಿ ಅದರ ಮೊದಲ ಗೆಲುವು ತಂದರು. ಅಲ್ಲಿಗೆ ಸಾಕು ಅನ್ನಬಹುದಿತ್ತು. ಫೋರ್ಡ್ ಅನ್ನಲಿಲ್ಲ. 4.7 ಲೀಟರ್ ತೆಗೆದು ಅದೇ ಏಳು ಲೀಟರಿನ 427 ಕೂರಿಸಿ ಮಾರ್ಕ್ 2 ಮಾಡಿದರು. ಇದ್ದ ಗೇರ್‌ಬಾಕ್ಸ್ ಅಷ್ಟು ಟಾರ್ಕ್ ತಡೆಯದು ಅಂತ ಹೊಸದೇ ಮಾಡಿದರು. ಲೆ ಮಾನ್ಸ್ ಟ್ರ್ಯಾಕಿನ ಉದ್ದನೆ ನೇರದಲ್ಲಿ ಕಾರು ಗಂಟೆಗೆ 300 ಕಿಲೋಮೀಟರ್ ದಾಟುತ್ತಿತ್ತು. ನೇರದ ಕೊನೆಗೆ ಬಿಗಿಯಾದ ತಿರುವು. ವೇಗದ ವರ್ಗಕ್ಕೆ ತಕ್ಕಂತೆ ಏರುವ ಆ ಶಕ್ತಿಯನ್ನೆಲ್ಲ ನಾಲ್ಕು ಬ್ರೇಕ್ ಡಿಸ್ಕುಗಳು ಪ್ರತಿ ಸುತ್ತೂ ನುಂಗಬೇಕು, ಇಡೀ ದಿನ, ಇಡೀ ರಾತ್ರಿ. ಡಿಸ್ಕುಗಳು ಕೆಂಪಗೆ ಕಾದು, ತಣ್ಣಗಾಗಿ, ಮತ್ತೆ ಕಾದು ಬಿರುಕು ಬಿಡುತ್ತಿದ್ದವು. ಶೆಲ್ಬಿ ತಂಡದ ಫಿಲ್ ರೆಮಿಂಗ್ಟನ್ ಅದನ್ನು ಪಿಟ್‌ನಲ್ಲಿ ಬೇಗ ಬಿಚ್ಚಿ ಹೊಸದು ಹಾಕುವ ಏರ್ಪಾಡು ಮಾಡಿದ. ಬಿರುಕು ನಿಲ್ಲಿಸಲಾಗದಿದ್ದರೆ ಬದಲಿಸೋದನ್ನಾದರೂ ಸುಲಭ ಮಾಡೋಣ ಅನ್ನೋ ಬುದ್ಧಿ. ಎಕ್ಸಾಮಿನಲ್ಲಿ ಇದಕ್ಕೆ ಮಾರ್ಕ್ಸ್ ಕೊಡ್ತಾರೋ ಇಲ್ಲವೋ ಗೊತ್ತಿಲ್ಲ.

1965ರ ಲೆ ಮಾನ್ಸ್‌ನಲ್ಲಿ ಮಾರ್ಕ್ 2 ಕಾರುಗಳು ಕೆಟ್ಟು ನಿಂತವು. 1966ರಲ್ಲಿ ಮೈಲ್ಸ್ ಮತ್ತು ರೂಬಿ ಡೇಟೋನಾ 24 ಗಂಟೆ ಗೆದ್ದರು, ಸೆಬ್ರಿಂಗ್ 12 ಗಂಟೆಯನ್ನೂ ಗೆದ್ದರು. ಉಳಿದದ್ದು ಲೆ ಮಾನ್ಸ್. ಮೂರನ್ನೂ ಒಂದೇ ವರ್ಷ ಗೆದ್ದವರು ಆವರೆಗೆ ಯಾರೂ ಇರಲಿಲ್ಲ.

ಅಲ್ಲಿ ಆದದ್ದು ಸಿನಿಮಾ ನೋಡಿದ ಎಲ್ಲರಿಗೂ ಗೊತ್ತು. ಜೂನ್ 19ರ ಮಧ್ಯಾಹ್ನ ಮೈಲ್ಸ್ ಮತ್ತು ಡೆನ್ನಿ ಹಲ್ಮ್ ಅವರ ಕಾರು ಮುಂದಿತ್ತು. ಮೂರು ಫೋರ್ಡ್ ಕಾರುಗಳು ಒಟ್ಟಿಗೆ ಗೆರೆ ದಾಟಿದರೆ ಫೋಟೋ ಚೆನ್ನಾಗಿ ಬರುತ್ತೆ ಅಂತ ಕಂಪನಿ ತೀರ್ಮಾನಿಸಿತು. ಮೈಲ್ಸ್ ವೇಗ ಇಳಿಸಿದ. ಅಕ್ಕಪಕ್ಕ ಬಂದರೂ, ಬ್ರೂಸ್ ಮೆಕ್ಲಾರೆನ್ ಮತ್ತು ಕ್ರಿಸ್ ಏಮನ್ ಕಾರು ಶುರುವಿನಲ್ಲಿ ಇನ್ನೂ ಹಿಂದೆ ನಿಂತಿತ್ತು, ಹಾಗಾಗಿ ಅದು ಕೆಲವು ಮೀಟರ್ ಹೆಚ್ಚು ಓಡಿದೆ ಅಂತ ಅದಕ್ಕೇ ಗೆಲುವು ಕೊಟ್ಟರು. 24 ಗಂಟೆ, 360 ಸುತ್ತು, ಕೊನೆಗೆ ಕೆಲವು ಮೀಟರ್. ನಮಗೆ ಇಂದಿಗೂ ಹೊಟ್ಟೆ ಉರಿಯುತ್ತೆ. ಮೈಲ್ಸ್ ಮಾತ್ರ ತಿರುಗಿ ಬಂದು ಮುಂದಿನ ಕಾರಿನ ಪರೀಕ್ಷೆಗೆ ಕೂತ.

ಅದು ಜೆ-ಕಾರ್. ಎಂಜಿನ್ ಅದೇ ಏಳು ಲೀಟರ್. ಆದರೆ ಈ ಸಲ ತೂಕದ ಕಡೆಯಿಂದ ಹೊರಟಿದ್ದರು. ವಿಮಾನಗಳಿಗೆ ಬಳಸುವ ಜೇನುಗೂಡು ಅಲ್ಯುಮಿನಿಯಂ ಹಾಳೆಗಳನ್ನು ಅಂಟಿಸಿ ಮಾಡಿದ ಚಾಸಿ, ಮಾರ್ಕ್ 2ಗಿಂತ ಸುಮಾರು 300 ಪೌಂಡ್ ಹಗುರ. ಹಿಂಬದಿ ಗಾಳಿ ಸೀಳಲೆಂದು ಉದ್ದಕ್ಕೆ ಚಪ್ಪಟೆಯಾಗಿ ಎಳೆದ ಚಾವಣಿ, ಬ್ರೆಡ್ ವ್ಯಾನ್ ಥರ. 1966ರ ಆಗಸ್ಟ್ 17, ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಟ್ರ್ಯಾಕ್. ಮೂರು ವರ್ಷದ ಹಿಂದೆ ಕೋಬ್ರಾ ಮೊದಲ ಸಲ ಗೆದ್ದದ್ದು, ಮೈಲ್ಸ್ ಎರಡನೆಯವನಾಗಿ ಬಂದದ್ದು ಇದೇ ಟ್ರ್ಯಾಕಿನಲ್ಲಿ. ಆತನಿಗೆ ಅದರ ಒಂದೊಂದು ಇಂಚೂ ಗೊತ್ತು.

ದಿನವಿಡೀ ಪರೀಕ್ಷೆ ನಡೆದಿತ್ತು. ದಿನದ ಕೊನೆಯ ಹೊತ್ತು. ಇಳಿಜಾರಿನ ಉದ್ದ ನೇರದ ತುದಿಯಲ್ಲಿ, 300 ಕಿಲೋಮೀಟರ್ ಹತ್ತಿರದ ವೇಗದಲ್ಲಿ, ಕಾರು ತಿರುಗಿತು, ಪಲ್ಟಿ ಹೊಡೆಯಿತು, ಬೆಂಕಿ ಹತ್ತಿತು, ತುಂಡುತುಂಡಾಯಿತು. ಮೈಲ್ಸ್ ಹೊರಕ್ಕೆ ಎಸೆಯಲ್ಪಟ್ಟು ಅಲ್ಲೇ ಸತ್ತ. 47 ವರ್ಷ. ಹದಿಹರೆಯದ ಮಗ ಅಂದು ಟ್ರ್ಯಾಕಿನಲ್ಲೇ ಇದ್ದ. ಕಾರು ಯಾಕೆ ಹಿಡಿತ ತಪ್ಪಿತು ಅಂತ ಖಚಿತವಾಗಿ ಯಾರೂ ಕಂಡುಹಿಡಿಯಲಿಲ್ಲ. ಹೇಳಬಲ್ಲವನು ಒಬ್ಬನೇ ಇದ್ದ.

ಫೋರ್ಡ್ ಜೆ-ಕಾರನ್ನು ಬಿಸಾಡಲಿಲ್ಲ. ಬ್ರೆಡ್ ವ್ಯಾನ್ ಚಾವಣಿ ತೆಗೆದು ಹೊಸ ಬಾಡಿ ಮಾಡಿದರು. ಒಳಗೆ ಚಾಲಕನ ಸುತ್ತ ಉಕ್ಕಿನ ಕೊಳವೆಗಳ ಭಾರಿ ಗೂಡು ಬೆಸೆದರು. ಜೇನುಗೂಡು ಹಾಳೆಯಿಂದ ಉಳಿಸಿದ ತೂಕದಲ್ಲಿ ಒಂದಷ್ಟು ಅಲ್ಲೇ ಹೋಯಿತು. ಅದನ್ನು ಮಾರ್ಕ್ 4 ಅಂದರು. 1967ರ ಲೆ ಮಾನ್ಸ್‌ನಲ್ಲಿ ಡಾನ್ ಗರ್ನಿ ಮತ್ತು ಎ. ಜೆ. ಫಾಯ್ಟ್ ಅದರಲ್ಲಿ ಗೆದ್ದರು. ಅದೇ ರೇಸಿನ ರಾತ್ರಿ ಇನ್ನೊಂದು ಮಾರ್ಕ್ 4 ಓಡಿಸುತ್ತಿದ್ದ ಮಾರಿಯೊ ಆಂಡ್ರೆಟ್ಟಿ ಬ್ರೇಕ್ ಹಾಕಿದಾಗ ಕಾರು ತಿರುಗಿ ಗೋಡೆಗೆ ಬಡಿದು ನಜ್ಜುಗುಜ್ಜಾಯಿತು. ಗೂಡು ಮುರಿಯಲಿಲ್ಲ. ಪಕ್ಕೆಗೆ ಪೆಟ್ಟು ಬಿದ್ದಿದ್ದ ಆಂಡ್ರೆಟ್ಟಿ ಜೀವಂತ ಹೊರಬಂದ. ಆಗ ಅವನಿಗೆ 27.